ಅವತಾರದ ಮುಖ ಚೆನ್ನಾಗೇ ಇದೆ, ಫೋಟೋದಲ್ಲಿ ಮಾತ್ರ ಯಾಕೆ ಕೆಡುತ್ತದೆ?

ಓದುಗರ ಪ್ರಶ್ನೆ: “ಮೇಡಂ, ನಾನು ಸೆಕೆಂಡ್ ಲೈಫ್‌ಗೆ ಬಂದು ಒಂದು ವರ್ಷದ ಮೇಲಾಯಿತು. ಫೈರ್‌ಸ್ಟಾರ್ಮ್ ವ್ಯೂವರ್ ಬಳಸುತ್ತೇನೆ. ಈಚೆಗೆ ದುಡ್ಡು ಕೂಡಿಟ್ಟು ಒಂದು ಒಳ್ಳೆ ಮೆಶ್ ಹೆಡ್ ತಗೊಂಡೆ. ಕಂದು ಬಣ್ಣದ ಸ್ಕಿನ್, ನನ್ನ ಮೈಬಣ್ಣಕ್ಕೆ ಹತ್ತಿರದ್ದು. ಓಡಾಡುವಾಗ ಮುಖ ಚೆನ್ನಾಗಿ ಕಾಣುತ್ತದೆ. ಪ್ರೊಫೈಲ್‌ಗೆ ಅಂತ ಹತ್ತಿರದಿಂದ ಫೋಟೋ ತೆಗೆದರೆ ಮಾತ್ರ ಮೂಗು ದಪ್ಪ, ಹಣೆ ಉಬ್ಬು, ಕಣ್ಣಿನ ಕೆಳಗೆ ಕಪ್ಪು. ಸ್ಕಿನ್ ಬೂದಿ ಮೆತ್ತಿದ ಹಾಗೆ ಆಗುತ್ತದೆ. ಶೇಪ್‌ನಲ್ಲಿ ಮೂಗಿನ ಸ್ಲೈಡರ್ ಇಳಿಸಿದೆ. ಫೋಟೋ ಸ್ವಲ್ಪ ಸರಿಹೋಯಿತು, ಆದರೆ ಈಗ ಓಡಾಡುವಾಗ ಮುಖ ವಿಚಿತ್ರವಾಗಿದೆ. ಒಬ್ಬ ಗೆಳತಿ ಫೇಸ್‌ಲೈಟ್ ಹಾಕು ಅಂತಾಳೆ. ಇನ್ನೊಬ್ಬಳು ಎರಡು ಶೇಡ್ ಬಿಳಿ ಸ್ಕಿನ್ ತಗೋ ಅಂತಾಳೆ. ಮತ್ತೊಬ್ಬರು ನಿನ್ನ ಲ್ಯಾಪ್‌ಟಾಪ್‌ನಲ್ಲಿ ಇದೆಲ್ಲ ಆಗಲ್ಲ ಅಂದರು. ಇನ್ನೂ ಖರ್ಚು ಮಾಡಬೇಕಾ? ಮುಖದ ಒಂದು ಒಳ್ಳೆ ಫೋಟೋ, ಸೀರೆ ಉಟ್ಟು ಇನ್ನೊಂದು. ನನಗೆ ಬೇಕಾಗಿರುವುದು ಅಷ್ಟೇ.”

ಉತ್ತರ:

ಖರ್ಚಿನ ಮಾತನ್ನು ಮೊದಲು ಮುಗಿಸಿಬಿಡೋಣ. ಅಲ್ಲಿನ ದುಡ್ಡಾದ ಲಿಂಡನ್ ಡಾಲರ್ ಇನ್ನೊಂದು ಕೂಡ ಖರ್ಚು ಮಾಡಬೇಡಿ. ನಿಮ್ಮ ಹೆಡ್ ಸರಿಯಾಗಿದೆ, ಸ್ಕಿನ್ ಸರಿಯಾಗಿದೆ, ಸ್ಲೈಡರ್ ಮುಟ್ಟುವ ಮೊದಲು ಮೂಗೂ ಸರಿಯಾಗೇ ಇತ್ತು. ತೊಂದರೆ ಇರುವುದು ಕ್ಯಾಮೆರಾ ನಿಂತ ಜಾಗದಲ್ಲಿ, ಆಮೇಲೆ ಬೆಳಕಿನಲ್ಲಿ. ಎರಡನ್ನೂ ಈಗ ನಿಮ್ಮ ಹತ್ತಿರ ಇರುವ ವ್ಯೂವರ್‌ನಲ್ಲೇ ಸರಿಮಾಡಬಹುದು.

ಈ ಜಗತ್ತು ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ಸೆಕೆಂಡ್ ಲೈಫ್ ಅಮೆರಿಕದ ಲಿಂಡನ್ ಲ್ಯಾಬ್ ಕಂಪನಿ 2003ರಲ್ಲಿ ಶುರು ಮಾಡಿದ ವರ್ಚುವಲ್ ಜಗತ್ತು. ಅಲ್ಲಿ ನಾವು ಅವತಾರವಾಗಿ ಓಡಾಡುತ್ತೇವೆ. ಅದನ್ನು ನೋಡಲು ಕಂಪ್ಯೂಟರ್‌ನಲ್ಲಿ ಹಾಕಿಕೊಳ್ಳುವ ತಂತ್ರಾಂಶವೇ ವ್ಯೂವರ್, ಫೈರ್‌ಸ್ಟಾರ್ಮ್ ಅಂಥದ್ದೊಂದು. ಮೆಶ್ ಹೆಡ್ ಅಂದರೆ ಅವತಾರಕ್ಕೆ ತೊಡಿಸುವ 3ಡಿ ತಲೆ, ಸ್ಕಿನ್ ಅಂದರೆ ಅದರ ಮೇಲೆ ಹೊದಿಸುವ ಚರ್ಮದ ಚಿತ್ರ, ಶೇಪ್ ಅಂದರೆ ಮೂಗು, ಗದ್ದ ಎಲ್ಲದರ ಅಳತೆ. ಆ ಅಳತೆಯನ್ನು ಸ್ಲೈಡರ್ ಎಳೆದು ಬದಲಿಸುತ್ತೇವೆ. ಮೈ, ತಲೆ, ಕೂದಲು, ಬಟ್ಟೆ ಎಲ್ಲವನ್ನೂ ಅಲ್ಲಿನ ಬಳಕೆದಾರರೇ ಮಾಡಿ ಮಾರುತ್ತಾರೆ. ಫೋಟೋ ತೆಗೆಯುವುದು ಅಲ್ಲಿ ದೊಡ್ಡ ಹವ್ಯಾಸ, ಕೆಲವರಿಗೆ ಕಸುಬು. ನಾನು ಸ್ಟುಡಿಯೋದಲ್ಲಿ ಮನುಷ್ಯರ ಫೋಟೋ ತೆಗೆಯುತ್ತೇನೆ, ಸೆಕೆಂಡ್ ಲೈಫ್‌ನ ಅಂಗಡಿಗಳ ಜಾಹೀರಾತಿಗೆ ಅವತಾರಗಳ ಫೋಟೋವನ್ನೂ ತೆಗೆಯುತ್ತೇನೆ. ಎರಡೂ ಕಡೆ ಜನ ಹೇಳುವ ದೂರು ಒಂದೇ: “ಕನ್ನಡಿಯಲ್ಲಿ ಚೆನ್ನಾಗಿದ್ದೇನೆ, ಫೋಟೋದಲ್ಲಿ ಇಲ್ಲ.” ಕಾರಣವೂ ಹೆಚ್ಚುಕಡಿಮೆ ಒಂದೇ.

ಮೂಗಿನಿಂದಲೇ ಶುರು ಮಾಡೋಣ. ನೀವು ಆಲ್ಟ್ ಕೀ ಒತ್ತಿ ಮೌಸ್ ಎಳೆದು, ಇಲ್ಲವೇ ಚಕ್ರ ತಿರುಗಿಸಿ ಮುಖವನ್ನು ದೊಡ್ಡದು ಮಾಡುತ್ತಿದ್ದೀರಿ, ಅಲ್ವಾ? ಎಲ್ಲರೂ ಇದನ್ನು ಝೂಮ್ ಅಂತಲೇ ಕರೆಯುತ್ತಾರೆ. ನಿಜವಾಗಿ ಅಲ್ಲಿ ಝೂಮ್ ಆಗುತ್ತಿಲ್ಲ. ಕ್ಯಾಮೆರಾ ನಡೆದುಕೊಂಡು ನಿಮ್ಮ ಮುಖದ ಹತ್ತಿರ ಬರುತ್ತಿದೆ. ಲೆನ್ಸ್ ಇದ್ದ ಹಾಗೇ ಇದೆ.

ಆ ಲೆನ್ಸ್ ಎಂಥದ್ದು ಅಂತ ನೋಡಿ. ವ್ಯೂವರ್‌ನ ಮಾಮೂಲಿ ನೋಟದ ಕೋನ ಮೇಲಿಂದ ಕೆಳಕ್ಕೆ 60 ಡಿಗ್ರಿ. ಹಳೆಯ 35 ಎಂಎಂ ಫಿಲ್ಮ್ ಕ್ಯಾಮೆರಾದ ಲೆಕ್ಕಕ್ಕೆ ಇಳಿಸಿದರೆ ಅದು ಸುಮಾರು 21 ಎಂಎಂ ಲೆನ್ಸ್ ಆಗುತ್ತದೆ. ಬೆಟ್ಟ ಗುಡ್ಡ, ದೇವಸ್ಥಾನದ ಅಂಗಳ, ಚಿಕ್ಕ ಕೋಣೆಯಲ್ಲಿ ತುಂಬಿದ ಜನ, ಇಂಥದ್ದಕ್ಕೆ ಬಳಸುವ ಲೆನ್ಸ್ ಅದು. ಮುಖ ತೆಗೆಯಲು ಸ್ಟುಡಿಯೋದವರು 85ರಿಂದ 135 ಎಂಎಂ ಲೆನ್ಸ್ ಹಾಕುತ್ತಾರೆ. ಓಡಾಡಲು ಅಗಲದ ನೋಟವೇ ಬೇಕು, ಇಲ್ಲದಿದ್ದರೆ ಗೋಡೆಗೆ ಡಿಕ್ಕಿ ಹೊಡೆಯುತ್ತಿರುತ್ತೇವೆ. ಅದಕ್ಕೇ ವ್ಯೂವರ್ ಅದನ್ನು ಇಟ್ಟಿದೆ. ಮುಖಕ್ಕೆ ಮಾತ್ರ ಅದು ಸರಿಹೋಗುವುದಿಲ್ಲ.

ಈಗ ಒಂದು ಸಣ್ಣ ಲೆಕ್ಕ. ಮುಖ ಮತ್ತು ಭುಜ ಸೇರಿ ಸುಮಾರು 60 ಸೆಂಟಿಮೀಟರ್ ಎತ್ತರದ ಭಾಗ ಚೌಕಟ್ಟಿನಲ್ಲಿ ತುಂಬಬೇಕು ಅಂದುಕೊಳ್ಳಿ. 60 ಡಿಗ್ರಿ ಕೋನದಲ್ಲಿ ಕ್ಯಾಮೆರಾ ಅರ್ಧ ಮೀಟರ್‌ಗೆ ಬರಬೇಕು. ಮೂಗಿನ ತುದಿಯಿಂದ ಕಿವಿ 12 ಸೆಂಟಿಮೀಟರ್ ಹಿಂದಿದೆ ಅಂದರೆ, ಅಷ್ಟು ಹತ್ತಿರದಿಂದ ಮೂಗು ಕಿವಿಗಿಂತ ಶೇ. 20ಕ್ಕೂ ಜಾಸ್ತಿ ಹಿಗ್ಗಿ ಕಾಣುತ್ತದೆ. ಅದೇ 85 ಎಂಎಂ ಲೆನ್ಸ್‌ನ ಕೋನ ಇಟ್ಟರೆ ಕ್ಯಾಮೆರಾ 2 ಮೀಟರ್‌ಗಿಂತ ತುಸು ಹಿಂದೆ ನಿಲ್ಲುತ್ತದೆ. ಹಿಗ್ಗುವುದು ಶೇ. 6ರ ಆಸುಪಾಸು. ಮುಖ ಅದೇ, ಶೇಪ್ ಅದೇ. ದೂರ ಬೇರೆ, ಅಷ್ಟೇ. ನಿಜವಾದ ಮುಖಗಳಲ್ಲೂ ಹೀಗೇ. 2018ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಸರ್ಜರಿ ತಜ್ಞರು ಇದನ್ನು ಲೆಕ್ಕ ಹಾಕಿ ತೋರಿಸಿದರು. 12 ಇಂಚು ದೂರದ ಸೆಲ್ಫಿಯಲ್ಲಿ ಮೂಗು, 5 ಅಡಿ ದೂರದ ಫೋಟೋಗಿಂತ ಸುಮಾರು ಶೇ. 30 ಅಗಲವಾಗಿ ಕಾಣುತ್ತದೆ. ಸೆಲ್ಫಿ ನೋಡಿ ಮೂಗಿನ ಆಪರೇಷನ್ ಕೇಳಿಕೊಂಡು ಜನ ಬರುತ್ತಿದ್ದರು ಅಂತಲೇ ಅವರು ಆ ಲೆಕ್ಕ ಮಾಡಿದ್ದು. ಸ್ಲೈಡರ್‌ನಲ್ಲಿ ನೀವು ಮಾಡಿದ್ದೂ ಅಂಥದ್ದೇ ಆಪರೇಷನ್. ಅರ್ಧ ಮೀಟರ್ ದೂರಕ್ಕೆ ಸರಿಹೊಂದುವ ಮೂಗು ಮಾಡಿಕೊಂಡಿರಿ, ಹಾಗಾಗಿ ಉಳಿದೆಲ್ಲ ದೂರಕ್ಕೂ ಅದು ತಪ್ಪಾಯಿತು.

ಆದ್ದರಿಂದ ಮೊದಲ ಕೆಲಸ, ಹೆಡ್ ಜೊತೆ ಬಂದ ಮೂಲ ಶೇಪ್ ಮತ್ತೆ ಹಾಕಿಕೊಳ್ಳಿ. ಹಳೆಯದರ ಮೇಲೆಯೇ ಉಳಿಸಿಬಿಟ್ಟಿದ್ದರೂ ತೊಂದರೆಯಿಲ್ಲ, ಹೆಡ್ ಕೊಂಡ ಪೆಟ್ಟಿಗೆಯಲ್ಲಿ ಇನ್ನೊಂದು ಪ್ರತಿ ಇರುವುದು ಸಾಮಾನ್ಯ. ಇನ್ನು ಮುಂದೆ ಶೇಪ್ ಮುಟ್ಟುವ ಮುನ್ನ ಒಂದು ಪ್ರತಿ ಬೇರೆ ಹೆಸರಲ್ಲಿ ಇಟ್ಟುಕೊಳ್ಳಿ.

ಆಮೇಲೆ ಆಲ್ಟ್ ಮತ್ತು ಮೌಸ್‌ನಿಂದ ಕ್ಯಾಮೆರಾವನ್ನು ಹಿಂದಕ್ಕೆ ಒಯ್ಯಿರಿ. ಮುಖ ಚಿಕ್ಕದಾಗುತ್ತದೆ, ಆಗಲಿ. ಈಗ ಕಂಟ್ರೋಲ್ ಹಿಡಿದು ಸೊನ್ನೆ ಒತ್ತುತ್ತಾ ಹೋಗಿ. ಇದು ನಿಜವಾದ ಝೂಮ್, ಕ್ಯಾಮೆರಾ ನಿಂತಲ್ಲೇ ನಿಂತಿರುತ್ತದೆ, ಕೋನ ಕಿರಿದಾಗುತ್ತದೆ. ಜಾಸ್ತಿಯಾಯಿತು ಅನ್ನಿಸಿದರೆ ಕಂಟ್ರೋಲ್ ಮತ್ತು 8. ಮಾಮೂಲಿಗೆ ಮರಳಲು ಕಂಟ್ರೋಲ್ ಮತ್ತು 9. ಫೈರ್‌ಸ್ಟಾರ್ಮ್‌ನ ಫೋಟೋಟೂಲ್ಸ್ ಕಿಟಕಿಯಲ್ಲಿ ಇದೇ ಕೋನಕ್ಕೆ ಸ್ಲೈಡರ್ ಇದೆ. ಅಲ್ಲಿನ ಅಂಕಿ ಡಿಗ್ರಿಯಲ್ಲಲ್ಲ, ರೇಡಿಯನ್ ಅನ್ನುವ ಇನ್ನೊಂದು ಅಳತೆಯಲ್ಲಿ. ಮಾಮೂಲಿ 1.047 ಇರುತ್ತದೆ. ಮುಖಕ್ಕೆ 0.28 ಇಡಿ, ಅದು 85 ಎಂಎಂಗೆ ಸಮ. 0.18 ಇಟ್ಟರೆ 135 ಎಂಎಂ. ಅದಕ್ಕಿಂತ ಕೆಳಗೆ ಹೋಗಬೇಡಿ. ಮುಖ ಚಪ್ಪಟೆಯಾಗುತ್ತದೆ, ಕೆನ್ನೆ ಅಗಲವಾಗಿ ಕಾಣುತ್ತದೆ. ಮೌಸ್ ಕೊಂಚ ಅಲುಗಿದರೂ ಚಿತ್ರ ಎತ್ತೆತ್ತಲೋ ಹಾರುತ್ತದೆ. ಕ್ಯಾಮೆರಾ ಎತ್ತರ ಕಣ್ಣಿನ ಮಟ್ಟಕ್ಕೆ ಇರಲಿ, ಇಲ್ಲವೇ ಒಂದು ಕೂದಲೆಳೆ ಮೇಲೆ. ಕೆಳಗಿಂದ ತೆಗೆದರೆ ಗದ್ದ ದಪ್ಪವಾಗುತ್ತದೆ. ತುಂಬಾ ಮೇಲಿಂದ ತೆಗೆದರೆ ಹಣೆ ಉಬ್ಬುತ್ತದೆ. ನಿಮ್ಮ ಉಬ್ಬಿದ ಹಣೆಗೆ ಅರ್ಧ ಕಾರಣ ದೂರ, ಇನ್ನರ್ಧ ಇದೇ ಇರಬೇಕು. ವ್ಯೂವರ್‌ನ ಕ್ಯಾಮೆರಾ ಸುಮ್ನೆ ಬಿಟ್ಟರೆ ತಲೆಗಿಂತ ಮೇಲೇ ನಿಂತಿರುತ್ತದೆ.

ಇಷ್ಟು ಮಾಡಿ ಒಂದು ಫೋಟೋ ತೆಗೆದು ನೋಡಿ, ಆಮೇಲೆ ಬೆಳಕಿಗೆ ಬನ್ನಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ.

ಕಣ್ಣಿನ ಕೆಳಗಿನ ಕಪ್ಪು ಸೂರ್ಯನ ಕೆಲಸ. ಬಹಳಷ್ಟು ಜಾಗಗಳಲ್ಲಿ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಹುಬ್ಬಿನ ನೆರಳು ಕಣ್ಣಿನ ಮೇಲೆ, ಮೂಗಿನ ನೆರಳು ತುಟಿಯ ಮೇಲೆ ಬೀಳುತ್ತದೆ. ಅದರ ಜೊತೆಗೆ ಎಷ್ಟೋ ಸ್ಕಿನ್‌ಗಳಲ್ಲಿ ಚಿತ್ರಕಾರರೇ ನೆರಳನ್ನು ಬಣ್ಣದಲ್ಲಿ ಬಿಡಿಸಿರುತ್ತಾರೆ. ಎರಡು ನೆರಳು ಸೇರಿದರೆ ನಿದ್ದೆಗೆಟ್ಟ ಮುಖ ಆಗುತ್ತದೆ. ಪರ್ಸನಲ್ ಲೈಟಿಂಗ್ ಅನ್ನುವ ಕಿಟಕಿ ತೆರೆಯಿರಿ. 2020ರಲ್ಲಿ ಆಕಾಶದ ವ್ಯವಸ್ಥೆ ಬದಲಾದಾಗ ಬಂದದ್ದು ಇದು. ಇಲ್ಲಿ ಮಾಡುವ ಬದಲಾವಣೆ ನಿಮ್ಮ ಪರದೆಯಲ್ಲಿ ಮಾತ್ರ ಕಾಣುತ್ತದೆ, ಬೇರೆ ಯಾರಿಗೂ ತೊಂದರೆಯಿಲ್ಲ. ಸೂರ್ಯನನ್ನು ಕೆಳಗಿಳಿಸಿ, ಬೆಳಗಿನ ಎಂಟು ಗಂಟೆ ಹೊತ್ತಿನಷ್ಟು. ಮುಖದ ನೇರ ಎದುರಿಗೆ ಬೇಡ, ಒಂದು ಕೆನ್ನೆಯ ಕಡೆಯಿಂದ ಓರೆಯಾಗಿ ಬರಲಿ. ಹತ್ತಿರದ ಕೆನ್ನೆ ಬೆಳಗುತ್ತದೆ, ಆಚೆ ಕೆನ್ನೆಯಲ್ಲಿ ಮೆತ್ತನೆ ನೆರಳು ಉಳಿಯುತ್ತದೆ. ಮುಖಕ್ಕೆ ಆಕಾರ ಬರುವುದೇ ಆ ನೆರಳಿನಿಂದ.

ಹಳಬರು ಯಾರಾದರೂ “ನಾಮ್ಸ್ ಆಪ್ಟಿಮಲ್ ಸ್ಕಿನ್” ಅನ್ನುವ ಆಕಾಶದ ಸೆಟ್ಟಿಂಗ್ ಹಾಕು ಅಂದಿರಬಹುದು. ವರ್ಷಗಟ್ಟಲೆ ಎಲ್ಲರೂ ಬಳಸಿದ್ದು ಅದು. ನೆರಳು ಬಹುತೇಕ ತೆಗೆದುಹಾಕಿ ಎಲ್ಲ ಕಡೆಯಿಂದ ಸಮನಾದ ಬೆಳಕು ಕೊಡುತ್ತದೆ. ಸ್ಕಿನ್‌ನಲ್ಲೇ ನೆರಳು ಬಿಡಿಸಿದ್ದ ಕಾಲಕ್ಕೆ ಅದು ಸರಿಯಾಗಿತ್ತು. 2023ರ ಕೊನೆಗೆ, ವಸ್ತುಗಳ ಮೇಲೆ ಬೆಳಕು ನಿಜದ ಹಾಗೆ ಬೀಳುವಂತೆ ತೋರಿಸುವ ಪಿಬಿಆರ್ ಪದ್ಧತಿ ಬಂದ ಮೇಲೆ ವ್ಯೂವರ್ ಬೆಳಕನ್ನು ಲೆಕ್ಕ ಹಾಕುವ ರೀತಿಯೇ ಬದಲಾಯಿತು. ಹಳೆಯ ಸೆಟ್ಟಿಂಗ್‌ಗಳು ಈಗ ಮೊದಲಿನ ಹಾಗೆ ಕಾಣುವುದಿಲ್ಲ. ಹಳೆಯ ಪಾಠ ನೋಡಿ ಅದೇ ಅಂಕಿ ಹಾಕಿದೆ, ಫೋಟೋ ಬೇರೆಯೇ ಬಂತು ಅಂತ ಗಾಬರಿಯಾಗಬೇಡಿ.

ಫೇಸ್‌ಲೈಟ್ ವಿಷಯ. ಮುಖದ ಎದುರಿಗೆ ಕಟ್ಟಿಕೊಳ್ಳುವ ಕಾಣದ ದೀಪ ಅದು. ಕಪ್ಪು ಹೋಗುತ್ತದೆ, ನಿಜ. ಅದರ ಜೊತೆ ಕೆನ್ನೆಯ ಮೂಳೆ, ಮೂಗಿನ ಏಣು, ಗದ್ದದ ಗೆರೆ ಎಲ್ಲವೂ ಹೋಗುತ್ತವೆ. ಇನ್ನೊಂದು ಕೆಡುಕು, ಆ ದೀಪದ ಬೆಳಕು ನಿಮಗೊಬ್ಬರಿಗೇ ಅಲ್ಲ, ಸುತ್ತ ನಿಂತವರಿಗೆಲ್ಲ ಕಾಣುತ್ತದೆ. ಪಕ್ಕದವರ ಮುಖವನ್ನೂ ಬಿಳಿಚಿಸುತ್ತದೆ. ಫೋಟೋ ಮುಗಿದ ಮೇಲೂ ಅದನ್ನು ಹಾಕಿಕೊಂಡು ತಿರುಗುವವರನ್ನು ಕಂಡರೆ ಅಲ್ಲಿ ಯಾರಿಗೂ ಇಷ್ಟವಾಗುವುದಿಲ್ಲ. ಹಾಕಲೇಬೇಕು ಅಂದರೆ ತೀರಾ ಮಂದ ಮಾಡಿ, ನೆರಳಿನ ಕೆನ್ನೆಯ ಕಡೆ ಸರಿಸಿ, ಕೆಲಸ ಮುಗಿದ ತಕ್ಷಣ ತೆಗೆದುಬಿಡಿ.

ಇದಕ್ಕಿಂತ ಒಳ್ಳೆಯದು ಪ್ರೊಜೆಕ್ಟರ್ ದೀಪ. ಮಾಡುವುದಕ್ಕೆ ದುಡ್ಡು ಬೇಡ. ಪೆಟ್ಟಿಗೆ ಆಕಾರದ ಒಂದು ಪ್ರಿಮ್ (ಅಲ್ಲೇ ಮಾಡಿಕೊಳ್ಳುವ ಸರಳ ವಸ್ತು) ಇಡಿ, ಎಡಿಟ್ ಕಿಟಕಿಯ ಫೀಚರ್ಸ್‌ನಲ್ಲಿ ಲೈಟ್ ಆನ್ ಮಾಡಿ, ಬಣ್ಣದ ಪಕ್ಕದ ಚೌಕದಲ್ಲಿ ಒಂದು ಟೆಕ್ಸ್ಚರ್ (ಮೇಲೆ ಹಚ್ಚುವ ಚಿತ್ರ) ಕೊಡಿ. ಆಗ ಅದು ಸುತ್ತಲೂ ಚೆಲ್ಲುವುದನ್ನು ಬಿಟ್ಟು ಟಾರ್ಚಿನ ಹಾಗೆ ಒಂದೇ ಕಡೆ ಬೆಳಕು ಬಿಡುತ್ತದೆ. ಬೆಳಕು ಹೊರಡುವುದು ಪೆಟ್ಟಿಗೆಯ ತಳದಿಂದ, ಹಾಗಾಗಿ ತಳ ಮುಖದ ಕಡೆ ಇರುವಂತೆ ತಿರುಗಿಸಬೇಕು. ಅಂಚು ಮಸುಕಾದ ಬಿಳಿ ಟೆಕ್ಸ್ಚರ್ ಕೊಟ್ಟರೆ ಬೆಳಕೂ ಮೆತ್ತಗಾಗುತ್ತದೆ. ನೆರಳು ಬೀಳಿಸುವ ಪ್ರೊಜೆಕ್ಟರ್ ಒಂದು ಸಲಕ್ಕೆ ಎರಡೇ. ಮೂರನೆಯದು ಇಟ್ಟರೆ ಬೆಳಕು ಬರುತ್ತದೆ, ಅದರ ನೆರಳು ಬರುವುದಿಲ್ಲ. ನಿಮಗೆ ಎರಡು ಸಾಕು. ಒಂದು ಓರೆಯಾಗಿ ಮುಂದಿನಿಂದ, ಇನ್ನೊಂದು ಹಿಂದಿನಿಂದ ಕೂದಲು ಮತ್ತು ಭುಜದ ಅಂಚಿಗೆ. ಸ್ವಂತ ಜಾಗ ಇಲ್ಲದಿದ್ದರೆ ಸ್ಯಾಂಡ್‌ಬಾಕ್ಸ್‌ನಲ್ಲಿ, ಅಂದರೆ ವಸ್ತು ಮಾಡಿ ನೋಡಲು ಬಿಟ್ಟ ಸಾರ್ವಜನಿಕ ಜಾಗದಲ್ಲಿ ಮಾಡಿ. ಅಲ್ಲಿ ಇಟ್ಟ ವಸ್ತುಗಳು ಕೆಲವು ಹೊತ್ತಿನ ಮೇಲೆ ತಾನಾಗಿ ನಿಮ್ಮ ವಸ್ತುಗಳ ಸಂಗ್ರಹವಾದ ಇನ್ವೆಂಟರಿಗೆ ವಾಪಸ್ ಬರುತ್ತವೆ. ದೀಪಗಳು ಹೊಂದಿಕೆಯಾದ ಕೂಡಲೇ ಒಂದು ಪ್ರತಿ ಎತ್ತಿಟ್ಟುಕೊಳ್ಳಿ.

ಈಗ ಮೈಬಣ್ಣ. ನಿಮ್ಮ ಪತ್ರದಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಇದೇ. ದಯವಿಟ್ಟು ಬಿಳಿ ಸ್ಕಿನ್ ತಗೊಳ್ಳಬೇಡಿ. ನೀವು ಯೋಚಿಸಿ, ಇಷ್ಟಪಟ್ಟು ಆರಿಸಿಕೊಂಡ ಬಣ್ಣ ಅದು. ಬೆಳಕು ಸರಿಯಿಲ್ಲ ಅನ್ನುವ ಕಾರಣಕ್ಕೆ ಅದನ್ನು ಬಿಡುವುದು ಬೇಡ.

ಫೋಟೋ ಲೋಕದಲ್ಲಿ ಇದು ಹಳೆಯ ರೋಗ. ಕೊಡ್ಯಾಕ್ ಕಂಪನಿ ಕಲರ್ ಪ್ರಿಂಟ್ ಸರಿಯಾಗಿದೆಯೇ ಅಂತ ನೋಡಲು ಲ್ಯಾಬುಗಳಿಗೆ ಒಂದು ಮಾದರಿ ಚಿತ್ರ ಕಳಿಸುತ್ತಿತ್ತು, ಶರ್ಲಿ ಕಾರ್ಡ್ ಅಂತ. ದಶಕಗಳ ಕಾಲ ಅದರಲ್ಲಿ ಇದ್ದದ್ದು ಬಿಳಿ ಮೈಬಣ್ಣದ ಹೆಂಗಸರು. ಅವರ ಚರ್ಮ ಚೆನ್ನಾಗಿ ಬಂದರೆ ಬಣ್ಣ ಸರಿ ಅಂತ ಲೆಕ್ಕ. ನಮ್ಮಂಥವರ ಮುಖ ಮಂಕಾಗಿ ಬಂದರೆ ಕೇಳುವವರಿರಲಿಲ್ಲ. ಸ್ಟುಡಿಯೋಗೆ ಬಂದು “ಸ್ವಲ್ಪ ಬೆಳ್ಳಗೆ ಮಾಡಿ” ಅನ್ನುವವರು ಇವತ್ತಿಗೂ ಇದ್ದಾರೆ. ಅವರಲ್ಲಿ ಎಷ್ಟೋ ಜನಕ್ಕೆ ಬೇಕಾಗಿರುವುದು ಬಿಳುಪಲ್ಲ, ಕಳೆ. ಕಳೆಯನ್ನು ಬೆಳಕಿನಿಂದಲೇ ತರಬಹುದು.

ಬೂದಿ ಬಣ್ಣ ಹೇಗೆ ಬರುತ್ತದೆ ಅಂದರೆ, ಮಧ್ಯಾಹ್ನದ ಆಕಾಶದಿಂದ ನೀಲಿ ಬೆಳಕು ಎಲ್ಲ ಕಡೆಯಿಂದಲೂ ಸುರಿಯುತ್ತಿರುತ್ತದೆ. ಕಂದು ಬಣ್ಣದಲ್ಲಿ ಕೆಂಪು, ಹಳದಿ ಜಾಸ್ತಿ. ಅದರ ಮೇಲೆ ನೀಲಿ ಬಿದ್ದರೆ ಎರಡೂ ಒಂದನ್ನೊಂದು ನುಂಗಿ ಬೂದು ಉಳಿಯುತ್ತದೆ. ಪರ್ಸನಲ್ ಲೈಟಿಂಗ್‌ನಲ್ಲಿ ಆಂಬಿಯೆಂಟ್ (ಸುತ್ತಲಿನ ಬೆಳಕಿನ) ಬಣ್ಣ ಅಂತ ಒಂದು ಚೌಕ ಇದೆ. ಅದರಲ್ಲಿ ನೀಲಿ ಇಳಿಸಿ, ಒಂಚೂರು ಹಳದಿಯ ಕಡೆಗೆ ತನ್ನಿ. ಸೂರ್ಯನ ಬಣ್ಣವನ್ನೂ ಬೆಚ್ಚಗೆ ಮಾಡಿ. ಕಿತ್ತಳೆ ಆಗುವಷ್ಟು ಬೇಡ. ಎಷ್ಟು ಸಾಕು ಅಂತ ಕಣ್ಣಿನ ಬಿಳಿ ಭಾಗ ನೋಡಿದರೆ ಗೊತ್ತಾಗುತ್ತದೆ. ಅದು ಹಳದಿಗೆ ತಿರುಗಿದರೆ ಜಾಸ್ತಿಯಾಯಿತು, ಅರಿಶಿನ ಕಾಮಾಲೆ ಬಂದವರ ಹಾಗೆ ಕಾಣುತ್ತೀರಿ.

ಇನ್ನೊಂದು ವಿಷಯ. ಬಿಳಿ ಮುಖದ ಆಕಾರ ಕಾಣುವುದು ಹೆಚ್ಚಾಗಿ ನೆರಳಿನಿಂದ. ಕಪ್ಪು, ಕಂದು ಮುಖದ ಆಕಾರ ಕಾಣುವುದು ಹೊಳಪಿನಿಂದ. ಕೆನ್ನೆಯ ಮೇಲಿನ ಮಿಂಚು, ಮೂಗಿನ ಏಣಿನ ಮೇಲಿನ ತೆಳು ಗೆರೆ, ಕೆಳತುಟಿಯ ಮೇಲಿನ ಚುಕ್ಕೆ. ಹಾಗಾಗಿ ಒಟ್ಟು ಬೆಳಕು ಏರಿಸಿದರೆ ನಿಮಗೆ ಪ್ರಯೋಜನವಿಲ್ಲ. ಸ್ಕಿನ್ ತೊಳೆದ ಬಟ್ಟೆಯ ಹಾಗೆ ಬಣ್ಣಗೆಡುತ್ತದೆ. ಅದರ ಬದಲು ಪಕ್ಕದ ದೀಪವನ್ನು ಆಚೀಚೆ ಸರಿಸುತ್ತಾ ಹೊಳಪು ಕೆನ್ನೆಯ ಮೂಳೆಯ ಮೇಲೆ ಕೂರುವ ಜಾಗ ಹುಡುಕಿ. ನಿಮ್ಮ ಹೆಡ್‌ನ ಹಡ್‌ನಲ್ಲಿ (ಪರದೆಯ ಮೇಲೆ ಬರುವ ಗುಂಡಿಗಳ ಫಲಕ) ಚರ್ಮದ ಹೊಳಪಿಗೆ ಸ್ಲೈಡರ್ ಇದ್ದರೆ ಅದನ್ನೂ ಸ್ವಲ್ಪ ಏರಿಸಿ ನೋಡಿ. ಹಿನ್ನೆಲೆ ತೀರಾ ಬಿಳಿ ಬೇಡ, ತೀರಾ ಕಪ್ಪೂ ಬೇಡ. ಹಸಿರು, ಇಟ್ಟಿಗೆ ಕೆಂಪು, ಮಸುಕು ನೀಲಿ, ಯಾವುದಾದರೂ ಹೊಂದುತ್ತದೆ.

ಲ್ಯಾಪ್‌ಟಾಪ್ ಆಗಲ್ಲ ಅಂದವರ ಮಾತಿನಲ್ಲಿ ಸ್ವಲ್ಪ ಸತ್ಯ ಇದೆ. ನೆರಳು ಆನ್ ಮಾಡಿದರೆ ಗ್ರಾಫಿಕ್ಸ್ ಭಾರವಾಗುತ್ತದೆ, ಮಷಿನ್ ಬಿಸಿಯಾಗುತ್ತದೆ, ವ್ಯೂವರ್ ಮುಚ್ಚಿಹೋಗಲೂಬಹುದು. ಆದರೆ ನೀವು ನೆರಳಿನಲ್ಲಿ ಓಡಾಡಬೇಕಾಗಿಲ್ಲ. ಜನ ಇಲ್ಲದ ಜಾಗಕ್ಕೆ ಹೋಗಿ, ನೋಟದ ದೂರವನ್ನು 64 ಮೀಟರ್‌ಗೆ ಇಳಿಸಿ, ಪೋಸ್ ಮತ್ತು ಕೋನ ಎಲ್ಲ ಹೊಂದಿಸಿಕೊಳ್ಳಿ. ಕೊನೆಯಲ್ಲಿ ನೆರಳು ಆನ್ ಮಾಡಿ, ಫೋಟೋ ತೆಗೆದು, ಆಫ್ ಮಾಡಿ. ಆ ಹೊತ್ತಿನಲ್ಲಿ ಚಿತ್ರ ಕುಂಟುತ್ತಾ ಓಡಿದರೂ ಫೋಟೋಗೆ ಏನೂ ಆಗುವುದಿಲ್ಲ. ಸ್ನ್ಯಾಪ್‌ಶಾಟ್ ಕಿಟಕಿಯಲ್ಲಿ ಪರದೆಗಿಂತ ದೊಡ್ಡ ಅಳತೆ ಕೊಟ್ಟು, ಆಮೇಲೆ ಅರ್ಧಕ್ಕೆ ಇಳಿಸಿದರೆ ಕೂದಲಿನ ಅಂಚು ನಯವಾಗುತ್ತದೆ. ಮಷಿನ್ ದುರ್ಬಲವಾಗಿದ್ದರೆ ಎರಡು ಪಟ್ಟಿಗಿಂತ ಜಾಸ್ತಿ ಕೇಳಬೇಡಿ. ಚಿತ್ರವನ್ನು ಕಂಪ್ಯೂಟರ್‌ಗೆ ಉಳಿಸಿ, ಅದಕ್ಕೆ ಖರ್ಚಿಲ್ಲ. ಪ್ರೊಫೈಲ್‌ಗೆ ಹಾಕುವ ಕೊನೆಯ ಒಂದನ್ನು ಮಾತ್ರ ಒಳಗೆ ಅಪ್‌ಲೋಡ್ ಮಾಡಿ.

ಕಣ್ಣು ಮರೆಯಬೇಡಿ. ಅವತಾರದ ಕಣ್ಣು ನಿಮ್ಮ ಮೌಸ್ ಹೋದ ಕಡೆ ತಿರುಗುತ್ತದೆ. ನೀವು ಸ್ನ್ಯಾಪ್‌ಶಾಟ್ ಗುಂಡಿ ಹುಡುಕುತ್ತಾ ಮೂಲೆಗೆ ಹೋದರೆ ಅದೂ ಮೂಲೆ ನೋಡುತ್ತದೆ. ಅದಕ್ಕೇ ಅನೇಕ ಫೋಟೋಗಳಲ್ಲಿ ಮುಖ ಚೆಂದವಿದ್ದರೂ ದೃಷ್ಟಿ ಎಲ್ಲೋ ಕಳೆದುಹೋಗಿರುತ್ತದೆ. ಎಒ (ಅವತಾರವನ್ನು ತಾನಾಗಿ ಅಲುಗಾಡಿಸುವ ಸಾಧನ) ಆಫ್ ಮಾಡಿ, ಅಲುಗದ ಪೋಸ್‌ನಲ್ಲಿ ನಿಲ್ಲಿ. ಮೌಸನ್ನು ನಿಧಾನ ಸರಿಸುತ್ತಾ ನೋಟ ಸರಿ ಅನ್ನಿಸಿದ ಕ್ಷಣ ಕಂಟ್ರೋಲ್, ಶಿಫ್ಟ್ ಮತ್ತು ಎಸ್ ಒತ್ತಿ. ಮೈ ಸ್ವಲ್ಪ ಒಂದು ಕಡೆ ತಿರುಗಿರಲಿ, ಮುಖ ಮಾತ್ರ ಕ್ಯಾಮೆರಾ ಕಡೆಗೆ.

ಎಡಿಟಿಂಗ್ ಬಗ್ಗೆ ನೀವು ಕೇಳಿಲ್ಲ, ಆದರೆ ಮುಂದಿನ ಸಲಹೆ ಅದೇ ಬರುತ್ತದೆ. ಬೆಳಕು, ಬಣ್ಣ ಹದ ಮಾಡುವುದು, ಕುತ್ತಿಗೆಯ ಜೋಡಣೆಯ ಗೆರೆ ಅಳಿಸುವುದು, ಭುಜದೊಳಗೆ ಹೊಕ್ಕ ಕೂದಲು ಸರಿಮಾಡುವುದು, ಇದೆಲ್ಲ ಧಾರಾಳವಾಗಿ ಮಾಡಿ. ಮುಖ ಸುಂದರ ಮಾಡಿಕೊಡುವ ಎಐ ಆ್ಯಪ್‌ಗಳಿಂದ ದೂರ ಇರಿ. ಅವು ನಿಮ್ಮ ಮುಖವನ್ನು ತಿದ್ದುವುದಿಲ್ಲ, ಬೇರೆ ಮುಖ ಕೂರಿಸುತ್ತವೆ. ಮೈಬಣ್ಣವನ್ನೂ ಕೇಳದೆ ತಿಳಿಯಾಗಿಸುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಮುಂದೆ ಯಾವುದಾದರೂ ಅಂಗಡಿಗೆ ಫೋಟೋ ತೆಗೆದುಕೊಟ್ಟರೆ ಅದು ಇನ್ನೂ ದೊಡ್ಡ ತಪ್ಪಾಗುತ್ತದೆ. ಕೊಳ್ಳುವವರು ಆ ಚಿತ್ರ ನಂಬಿ ದುಡ್ಡು ಕೊಡುತ್ತಾರೆ.

ಸೀರೆಗೆ ಮಾತ್ರ ಅಂಕಿ ಬೇರೆ. ತಲೆಯಿಂದ ತೊಡೆಯ ಮಧ್ಯದವರೆಗೆ ಬರುವಂತೆ ತೆಗೆಯಿರಿ, ಸೆರಗು ಮತ್ತು ಅಂಚು ಎರಡೂ ಕಾಣುತ್ತವೆ. ಕೋನ 0.47 ಇಡಿ, ಅದು 50 ಎಂಎಂಗೆ ಸಮ. ಕ್ಯಾಮೆರಾ ಸುಮಾರು ಎರಡೂಮುಕ್ಕಾಲು ಮೀಟರ್ ದೂರ ನಿಲ್ಲುತ್ತದೆ. ಎತ್ತರ ಎದೆಯ ಮಟ್ಟಕ್ಕೆ ಇಳಿಸಿ, ಕಣ್ಣಿನ ಮಟ್ಟದಿಂದ ತೆಗೆದರೆ ಕಾಲು ಗಿಡ್ಡವಾಗುತ್ತದೆ. ಮೆಶ್ ಸೀರೆಯ ಸೆರಗು ನಿಜವಾದ ಬಟ್ಟೆಯ ಹಾಗೆ ಜಾರುವುದಿಲ್ಲ, ಮೈಗೆ ಅಂಟಿಕೊಂಡು ಬಾಗುತ್ತದೆ. ಕೈ ಎತ್ತುವ, ಸೊಂಟ ತಿರುಚುವ ಪೋಸ್‌ಗಳಲ್ಲಿ ಮೊಣಕೈ ಅದರೊಳಗೆ ತೂರುತ್ತದೆ. ಎಡ ಭುಜ ಸುಮ್ನೆ ಇಳಿಬಿಟ್ಟ ಪೋಸ್ ಹುಡುಕಿ. ಸಿಗದಿದ್ದರೆ ಫೈರ್‌ಸ್ಟಾರ್ಮ್‌ನ ಈಚಿನ ಆವೃತ್ತಿಗಳಲ್ಲಿರುವ, ಪೋಸ್ ತಿದ್ದುವ ಪೋಸರ್‌ನಲ್ಲಿ ಆ ಒಂದು ಕೈಯನ್ನು ನಾಲ್ಕೈದು ಡಿಗ್ರಿ ಹೊರಗೆ ತಿರುಗಿಸಿದರೆ ಸಾಕು. ಸೆರಗು ತೆಳು ಪಾರದರ್ಶಕದ್ದಾಗಿದ್ದರೆ ಇನ್ನೊಂದು ಕಾಟ ಇದೆ. ಕೂದಲೂ ಪಾರದರ್ಶಕ ಎಳೆಗಳಿಂದ ಮಾಡಿದ್ದಾದರೆ ಎರಡರಲ್ಲಿ ಯಾವುದು ಮುಂದೆ ಅಂತ ವ್ಯೂವರ್‌ಗೆ ಗೊಂದಲವಾಗಿ, ಜಡೆ ಸೆರಗಿನ ಹಿಂದೆ ಮಾಯವಾಗುತ್ತದೆ. ಹಿನ್ನೆಲೆ ಮಸುಕು ಮಾಡುವ ಡೆಪ್ತ್ ಆಫ್ ಫೀಲ್ಡ್ ಹಾಕಿದರೆ ಕೂದಲಿನ ಅಂಚೂ ಅದರ ಜೊತೆ ಕಲಸಿಹೋಗುತ್ತದೆ. ಜಡೆಯನ್ನು ಬಲ ಭುಜದ ಮೇಲೆ ತಂದುಕೊಳ್ಳುವ ಕೂದಲು ಹಾಕಿ, ಇಲ್ಲವೇ ತುರುಬು ಕಟ್ಟಿ. ಡೆಪ್ತ್ ಆಫ್ ಫೀಲ್ಡ್ ಆಫ್ ಇರಲಿ, ಹಿಂದೆ ಒಂದು ಸಾದಾ ಗೋಡೆ ಇಟ್ಟುಕೊಳ್ಳಿ. ಜರಿಯ ಅಂಚು ಬೆಳಗಬೇಕಾದರೆ ಮುಖಕ್ಕೆ ಇಟ್ಟ ಓರೆ ದೀಪವನ್ನೇ ಒಂದು ಗೇಣು ಕೆಳಗಿಳಿಸಿ ನೋಡಿ.